ದಿನ, ಗಂಟೆ ಬರೆದಿದ್ದ ಪತ್ರ

2021ರ ಬೇಸಿಗೆಯ ಒಂದು ಭಾನುವಾರ ಅತ್ತಿಗೆಯೊಂದಿಗೆ ವಿಡಿಯೋ ಕರೆಯಲ್ಲಿ ಮಾತನಾಡುತ್ತಿದ್ದೆ. ಅವರಿರುವುದು ಮಧ್ಯ ಇಂಗ್ಲೆಂಡಿನ ಒಂದು ಊರಿನಲ್ಲಿ. ದಾವಣಗೆರೆ ಬಿಟ್ಟು ಇಪ್ಪತ್ತು ವರ್ಷಗಳ ಮೇಲಾಯಿತು. ವೃದ್ಧರ ಆರೈಕೆ ಮನೆಯೊಂದರಲ್ಲಿ ಕೆಲಸ. ಮಾತಿನ ನಡುವೆ ಹಾಲು ತೆಗೆಯಲೆಂದು ಫ್ರಿಜ್ಜಿನ ಬಳಿ ಹೋದಾಗ ಅದರ ಬಾಗಿಲು ಕಣ್ಣಿಗೆ ಬಿತ್ತು. ಕಸದ ಗಾಡಿ ಬರುವ ದಿನಗಳ ಪಟ್ಟಿಯ ಪಕ್ಕದಲ್ಲಿ, ಒಂದೇ ಅಯಸ್ಕಾಂತದ ಅಡಿಯಲ್ಲಿ ಮೂರು ಪತ್ರಗಳು.

“ಅದೇನು ಅತ್ತಿಗೆ?” ಎಂದೆ.

“ಎದೆಯ ತಪಾಸಣೆಯದು. ಮಾಡಿಸಬೇಕು” ಎಂದರು. “ಮಾಡಿಸಬೇಕು” ಎಂದ ದನಿಯಲ್ಲೇ ಅದು ಎಷ್ಟು ತಿಂಗಳಿನಿಂದ ಹಾಗೆಯೇ ಉಳಿದಿದೆ ಎಂಬುದು ತಿಳಿಯುತ್ತಿತ್ತು.

ನಾನು ಬಿಡಲಿಲ್ಲ. ಮೂರನ್ನೂ ತೆಗೆದು ಒಂದೊಂದಾಗಿ ಕ್ಯಾಮೆರಾ ಮುಂದೆ ಹಿಡಿಯುವಂತೆ ಕೇಳಿದೆ. ಮೊದಲನೆಯದು 2020ರ ಫೆಬ್ರುವರಿಯಲ್ಲಿ ಬಂದದ್ದು. ಅವರಿಗೆ ಐವತ್ತೊಂದು ತುಂಬಿತ್ತು, ಅದು ಅವರಿಗೆ ಬಂದ ಮೊದಲ ಕರೆ. ಏಪ್ರಿಲ್ 7, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ, ಇಂಥ ಸ್ಥಳಕ್ಕೆ ಬನ್ನಿ ಎಂದಿತ್ತು. ಎರಡನೆಯದು ಮಾರ್ಚ್ ಕೊನೆಯದು: ಸದ್ಯದ ಪರಿಸ್ಥಿತಿಯಲ್ಲಿ ನಿಮ್ಮ ತಪಾಸಣೆಯನ್ನು ಮುಂದೂಡಲಾಗಿದೆ, ಮುಂದೆ ತಿಳಿಸುತ್ತೇವೆ. ಮೂರನೆಯದು 2021ರ ಜನವರಿಯದು. ನಿಮ್ಮ ಸರದಿ ಬಂದಿದೆ, ಈ ಸಂಖ್ಯೆಗೆ ಕರೆ ಮಾಡಿ ಸಮಯ ಗೊತ್ತು ಮಾಡಿಕೊಳ್ಳಿ ಎಂದು ಅದರಲ್ಲಿತ್ತು. ದಿನವೂ ಇರಲಿಲ್ಲ, ಗಂಟೆಯೂ ಇರಲಿಲ್ಲ.

ಕೊರೋನಾ ಕಾಲದಲ್ಲಿ ಮಹಿಳೆಯರು ಕ್ಯಾನ್ಸರ್ ತಪಾಸಣೆಯಿಂದ ದೂರವಾದದ್ದು ಹೇಗೆ ಎಂದು ಕೇಳಿದರೆ ಹೆಚ್ಚಿನವರು ಎರಡನೆಯ ಪತ್ರವನ್ನು ತೋರಿಸುತ್ತಾರೆ. ಬಾಗಿಲು ಮುಚ್ಚಿತು, ಭಯವಿತ್ತು, ಅದಕ್ಕೇ ಹೋಗಲಿಲ್ಲ ಎನ್ನುತ್ತಾರೆ. ಅದು ನಿಜ. ಆದರೆ ಬಾಗಿಲು ಮತ್ತೆ ತೆರೆದ ಮೇಲೂ ಲಕ್ಷಾಂತರ ಮಹಿಳೆಯರು ಹೊರಗೇ ಉಳಿದದ್ದಕ್ಕೆ ಮೂರನೆಯ ಪತ್ರದಲ್ಲೂ ಕಾರಣವಿದೆ ಎಂಬುದು ಇಂಗ್ಲೆಂಡಿನ ಈ ಪ್ರಕರಣವನ್ನು ಓದುತ್ತಾ ಹೋದಂತೆ ನನಗೆ ಗಟ್ಟಿಯಾಗುತ್ತಾ ಬಂದ ಮಾತು.

ವ್ಯವಸ್ಥೆ ಹೇಗಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸರ್ ಪ್ಯಾಟ್ರಿಕ್ ಫಾರೆಸ್ಟ್ ನೇತೃತ್ವದ ಸಮಿತಿ 1986ರಲ್ಲಿ ಕೊಟ್ಟ ವರದಿಯ ಮೇಲೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, 1988ರಲ್ಲಿ ಸ್ತನ ಕ್ಯಾನ್ಸರ್ ತಪಾಸಣೆಯನ್ನು ಶುರುಮಾಡಿತು. ಇಂಗ್ಲೆಂಡಿನಲ್ಲಿ ಐವತ್ತು ತುಂಬಿದವರಿಂದ ಎಪ್ಪತ್ತೊಂದನೇ ಹುಟ್ಟುಹಬ್ಬ ಮುಟ್ಟುವವರೆಗಿನ ಎಲ್ಲ ಮಹಿಳೆಯರಿಗೂ ಮೂರು ವರ್ಷಕ್ಕೊಮ್ಮೆ ಮನೆಗೇ ಪತ್ರ ಬರುತ್ತದೆ. ಹಣ ಕೊಡಬೇಕಿಲ್ಲ, ವೈದ್ಯರ ಚೀಟಿ ಬೇಕಿಲ್ಲ. ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸಿದ್ದರೆ ಸಾಕು. ಒಬ್ಬ ವೈದ್ಯರ ಪಟ್ಟಿಯಲ್ಲಿರುವವರನ್ನೆಲ್ಲ ಒಂದು ಸುತ್ತಿನಲ್ಲಿ ಕರೆಯುವುದರಿಂದ ಮೊದಲ ಪತ್ರ ಸರಿಯಾಗಿ ಐವತ್ತಕ್ಕೇ ಬರುತ್ತದೆಂದಿಲ್ಲ. ಐವತ್ಮೂರರ ಒಳಗೆ ಬರುತ್ತದೆ. ಕೆಲವರನ್ನು ಆಸ್ಪತ್ರೆಗೆ ಕರೆದರೆ, ಅನೇಕರಿಗೆ ಸೂಪರ್‌ಮಾರ್ಕೆಟ್ಟಿನ ವಾಹನ ನಿಲ್ದಾಣದಲ್ಲಿ ಬಂದು ನಿಲ್ಲುವ ದೊಡ್ಡ ವ್ಯಾನಿನಲ್ಲೇ ತಪಾಸಣೆ.

ಒಳಗೆ ನಡೆಯುವುದು ಕೆಲವೇ ನಿಮಿಷದ ಕೆಲಸ. ಸೊಂಟದಿಂದ ಮೇಲಿನ ಬಟ್ಟೆ ತೆಗೆದು ಯಂತ್ರದ ಎದುರು ನಿಲ್ಲಬೇಕು. ಚಿತ್ರ ತೆಗೆಯುವವರು ಮಹಿಳೆಯೇ ಆಗಿರುತ್ತಾರೆ. ಸ್ತನವನ್ನು ಒಂದು ತಟ್ಟೆಯ ಮೇಲೆ ಇರಿಸಿ, ಮೇಲಿನಿಂದ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಯನ್ನು ಇಳಿಸಿ ಒತ್ತಿ ಹಿಡಿಯುತ್ತಾರೆ. ಕೆಲವು ಕ್ಷಣ ಉಸಿರು ಬಿಗಿಹಿಡಿಯುವಷ್ಟು ನೋವಾಗುತ್ತದೆ, ಬಿಟ್ಟುಬಿಡುತ್ತಾರೆ. ಒಂದೊಂದು ಬದಿಗೆ ಎರಡು ಚಿತ್ರ, ಒಟ್ಟು ನಾಲ್ಕು. ಸ್ತನದ ಈ ಎಕ್ಸ್‌ರೇ ಚಿತ್ರಕ್ಕೇ ಮ್ಯಾಮೊಗ್ರಾಮ್ ಎನ್ನುವುದು. ಅವನ್ನು ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡುತ್ತಾರೆ. ನೂರು ಮಂದಿಯಲ್ಲಿ ಸುಮಾರು ನಾಲ್ವರನ್ನು ಹೆಚ್ಚಿನ ಪರೀಕ್ಷೆಗೆ ಮತ್ತೆ ಕರೆಯುತ್ತಾರೆ. ಆ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರುತ್ತದೆ. ಕೈಗೆ ಗಂಟು ಸಿಗುವ ಮುನ್ನವೇ ಅದನ್ನು ಕಾಣುವುದಕ್ಕಾಗಿಯೇ ಇಷ್ಟೆಲ್ಲ ಏರ್ಪಾಡು.

ಇದು 2020ರ ಮಾರ್ಚಿನಲ್ಲಿ ನಿಂತಿತು. ಸ್ಕಾಟ್ಲೆಂಡ್ ಮತ್ತು ವೇಲ್ಸ್ ತಪಾಸಣೆ ನಿಲ್ಲಿಸಿದ್ದೇವೆಂದು ಘೋಷಿಸಿಯೇ ನಿಲ್ಲಿಸಿದವು. ಇಂಗ್ಲೆಂಡಿನಲ್ಲಿ ಅಂಥ ಒಂದು ಆದೇಶ ಹೊರಡಲಿಲ್ಲ. ಆದರೆ ಸಿಬ್ಬಂದಿಯನ್ನು ಕೊರೋನಾ ಕೆಲಸಕ್ಕೆ ಕಳಿಸಬೇಕಾಗಿ ಬಂದ ಸ್ಥಳೀಯ ಕೇಂದ್ರಗಳು ಒಂದೊಂದಾಗಿ ಕರೆಗಳನ್ನು ಮುಂದೂಡಿದವು, ಫಲ ಅದೇ ಆಯಿತು. ಮಾರ್ಚ್ 23ಕ್ಕೆ ಲಾಕ್‌ಡೌನ್ ಬಂತು. ತಪಾಸಣೆಗಳು ಮತ್ತೆ ಆರಂಭವಾಗಿ ನಿಧಾನವಾಗಿ ಚೇತರಿಸಿಕೊಂಡದ್ದು ಆ ಬೇಸಿಗೆಯಲ್ಲಿ. ಬ್ರೆಸ್ಟ್ ಕ್ಯಾನ್ಸರ್ ನೌ ಎಂಬ ಸೇವಾ ಸಂಸ್ಥೆ ಆ ಸೆಪ್ಟೆಂಬರಿನಲ್ಲಿ ಹಾಕಿದ ಅಂದಾಜಿನ ಪ್ರಕಾರ ಬ್ರಿಟನ್ನಿನಲ್ಲಿ 9 ಲಕ್ಷ 86 ಸಾವಿರ ಮಹಿಳೆಯರಿಗೆ ಮ್ಯಾಮೊಗ್ರಾಮ್ ತಪ್ಪಿತ್ತು. ಅವರಲ್ಲಿ ಸುಮಾರು 8,600 ಮಂದಿ ತಿಳಿಯದೆಯೇ ಕ್ಯಾನ್ಸರ್ ಹೊತ್ತು ಓಡಾಡುತ್ತಿರಬಹುದು ಎಂದು ಅದು ಹೇಳಿತು. ರೋಗ ಪತ್ತೆ ತಡವಾಗುವುದರಿಂದ ಮುಂದಿನ ಐದು ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಸ್ತನ ಕ್ಯಾನ್ಸರ್ ಸಾವುಗಳು 281ರಿಂದ 344ರಷ್ಟು ಹೆಚ್ಚಬಹುದು ಎಂದು ಅದೇ ವರ್ಷ ಲ್ಯಾನ್ಸೆಟ್ ಆಂಕಾಲಜಿ ಎಂಬ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಲೆಕ್ಕವೊಂದು ಬಂತು. ಇದು ಇಂಗ್ಲೆಂಡಿನ ಕಥೆಯಷ್ಟೇ ಅಲ್ಲ. ಅಮೆರಿಕದಲ್ಲಿ ಬಡ ಮತ್ತು ವಿಮೆಯಿಲ್ಲದ ಮಹಿಳೆಯರಿಗೆಂದೇ ಸರ್ಕಾರ ನಡೆಸುವ ಯೋಜನೆಯಲ್ಲಿ 2020ರ ಏಪ್ರಿಲ್ ತಿಂಗಳ ಸ್ತನ ತಪಾಸಣೆ ಹಿಂದಿನ ಐದು ವರ್ಷಗಳ ಏಪ್ರಿಲ್ ಸರಾಸರಿಗಿಂತ ಶೇ 87ರಷ್ಟು ಕುಸಿಯಿತು. ಗರ್ಭಕಂಠದ ತಪಾಸಣೆ ಶೇ 84ರಷ್ಟು ಕುಸಿಯಿತು. ಮೂಲನಿವಾಸಿ ಮಹಿಳೆಯರಲ್ಲಿ ಸ್ತನ ತಪಾಸಣೆ ಇಳಿದದ್ದು ಶೇ 98.

ಅಲ್ಲಿಯವರೆಗಿನದು ಮುಚ್ಚಿದ ಬಾಗಿಲಿನ ಕಥೆ. ಯಾರನ್ನೂ ದೂರಲು ನನಗೆ ಮನಸ್ಸಿಲ್ಲ. ಆ ಮಾರ್ಚಿನಲ್ಲಿ ಆರೋಗ್ಯವಾಗಿರುವ ಮಹಿಳೆಯರನ್ನು ಒಂದು ಸಣ್ಣ ವ್ಯಾನಿನೊಳಗೆ ಕರೆದು ಕೂರಿಸುವುದು ಸರಿಯಾದ ಕೆಲಸವಾಗುತ್ತಿರಲಿಲ್ಲ. ಲಸಿಕೆ ಇರಲಿಲ್ಲ, ರೋಗದ ಸ್ವರೂಪವೇ ಪೂರ್ತಿ ಗೊತ್ತಿರಲಿಲ್ಲ.

ತೆರೆದ ಮೇಲೆ ತಲೆದೋರಿದ ಸಮಸ್ಯೆ ಬೇರೆ. ಒಬ್ಬರು ಹೋದ ಮೇಲೆ ಯಂತ್ರ ಒರೆಸಬೇಕು, ಗಾಳಿಯಾಡಲು ಬಿಡಬೇಕು, ಇನ್ನೊಬ್ಬರು ಅಷ್ಟು ಹೊತ್ತು ಹೊರಗೆ ಕಾಯಬೇಕು. ಮೊದಲು ದಿನಕ್ಕೆ ನೋಡುತ್ತಿದ್ದಷ್ಟು ಜನರನ್ನು ನೋಡಲಾಗುತ್ತಿರಲಿಲ್ಲ. ಮ್ಯಾಮೊಗ್ರಾಮ್ ತೆಗೆಯುವ ಸಿಬ್ಬಂದಿಯ ಕೊರತೆ ಕೊರೋನಾ ಬರುವ ಮೊದಲಿನಿಂದಲೂ ಇತ್ತು. ಬಾಕಿ ಪಟ್ಟಿಯಲ್ಲಿ ಲಕ್ಷಾಂತರ ಹೆಸರುಗಳಿದ್ದವು. ನಿಗದಿತ ಸಮಯ ಕೊಟ್ಟು ಕರೆದರೆ ನೂರರಲ್ಲಿ ಮೂವತ್ತು ಮಂದಿ ಬರುವುದಿಲ್ಲ, ಆ ಮೂವತ್ತು ಜಾಗಗಳು ಖಾಲಿ ಹೋಗುತ್ತವೆ. ಒಂದೊಂದು ಜಾಗವೂ ಅಮೂಲ್ಯವಾಗಿದ್ದ ಹೊತ್ತಿನಲ್ಲಿ ಅದನ್ನು ಪೋಲಾಗಲು ಬಿಡುವುದು ಹೇಗೆ? ಹಾಗಾಗಿ 2020ರ ಸೆಪ್ಟೆಂಬರ್ ಹೊತ್ತಿಗೆ ಮುಕ್ತ ಆಹ್ವಾನಕ್ಕೆ ಹೋಗಲು ಕೇಂದ್ರಗಳಿಗೆ ಸೂಚನೆ ಹೋಯಿತು. ಬರಲು ಮನಸ್ಸಿದ್ದವರು ತಾವೇ ಕರೆ ಮಾಡಲಿ, ಕರೆ ಮಾಡಿದವರು ಖಂಡಿತ ಬರುತ್ತಾರೆ, ಜಾಗ ಖಾಲಿ ಹೋಗುವುದಿಲ್ಲ.

ಯಂತ್ರದ ಕಡೆಯಿಂದ ನೋಡಿದರೆ ಈ ತರ್ಕದಲ್ಲಿ ತಪ್ಪಿಲ್ಲ. ಯಂತ್ರ ಒಂದು ನಿಮಿಷವೂ ಸುಮ್ಮನೆ ನಿಲ್ಲಲಿಲ್ಲ ಎಂದು ಲೆಕ್ಕ ತೋರಿಸಬಹುದು. ಆದರೆ ತಪಾಸಣೆ ಇರುವುದು ಮಹಿಳೆಗಾಗಿ. ಅವಳ ಕಡೆಯಿಂದ ನೋಡಿದರೆ ನಡೆದದ್ದು ಇಷ್ಟು: ಮೊದಲು ವ್ಯವಸ್ಥೆ ಹೊತ್ತುಕೊಂಡಿದ್ದ ಒಂದು ಕೆಲಸ ಸದ್ದಿಲ್ಲದೆ ಅವಳ ಹೆಗಲಿಗೆ ದಾಟಿತು. ಅದೂ ಎಂಥ ಹೊತ್ತಿನಲ್ಲಿ! ಶಾಲೆಗಳು ಮುಚ್ಚಿ ಮಕ್ಕಳು ಮನೆಯಲ್ಲಿದ್ದಾಗ, ವಯಸ್ಸಾದ ಅತ್ತೆಮಾವಂದಿರಿಗೆ ದಿನಸಿ ತಂದು ಬಾಗಿಲಲ್ಲಿ ಇಡುತ್ತಿದ್ದಾಗ, ಕೆಲಸ ಉಳಿಯುತ್ತದೋ ಇಲ್ಲವೋ ಎಂದು ದಿನ ಎಣಿಸುತ್ತಿದ್ದಾಗ.

ಅತ್ತಿಗೆ ಕರೆ ಮಾಡಲಿಲ್ಲವೆಂದಲ್ಲ. ಮಾಡಿದ್ದರು. ಆರೈಕೆ ಮನೆಯಲ್ಲಿ ಊಟಕ್ಕೆ ಸಿಗುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲೇ ಏಪ್ರನ್, ಕೈಗವಸು ಬಿಚ್ಚಿ, ಕೈ ತೊಳೆದು, ಊಟದ ಡಬ್ಬಿ ಬಿಚ್ಚಬೇಕು. ಫೆಬ್ರುವರಿಯಲ್ಲಿ ಒಂದು ದಿನ ಹಿತ್ತಿಲಿನ ಬೆಂಚಿನ ಮೇಲೆ ಕೋಟು ಹೊದ್ದು ಕುಳಿತು, ಒಂದು ಕೈಯಲ್ಲಿ ತಣ್ಣಗಾದ ಚಿತ್ರಾನ್ನ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಕಾದರು. ಕಾಯುತ್ತಿರಿ ಎಂಬ ಧ್ವನಿ, ನಡುವೆ ಸಂಗೀತ. ಇಪ್ಪತ್ತು ನಿಮಿಷವಾದ ಮೇಲೆ ಒಳಗಿನಿಂದ ಕರೆಗಂಟೆ ಬಾರಿಸಿತು, ಯಾರೋ ಅಜ್ಜಿಗೆ ಶೌಚಕ್ಕೆ ಹೋಗಬೇಕಿತ್ತು. ಫೋನ್ ಇಟ್ಟರು. ಎರಡನೆಯ ಸಲ ಫೋನ್ ಲೈನ್ ಸಿಗಲಿಲ್ಲ. ಮೂರನೆಯ ಸಲ ಮಾಡುವಷ್ಟರಲ್ಲಿ ಆರೈಕೆ ಮನೆಯಲ್ಲಿ ಹತ್ತು ದಿನಗಳಲ್ಲಿ ಇಬ್ಬರು ತೀರಿಕೊಂಡಿದ್ದರು. “ಆಗ ನನ್ನ ಎದೆಯ ಚಿತ್ರ ಯಾರಿಗೆ ನೆನಪಿರುತ್ತದೆ ಹೇಳು” ಎಂದರು.

ಇನ್ನೊಂದು ಮಾತನ್ನೂ ಹೇಳಿದರು. ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. “ಮೊದಲನೆಯ ಪತ್ರ ಬಂದಾಗ ನಾನು ಏನೂ ಯೋಚಿಸಲಿಲ್ಲ. ಏಳನೇ ತಾರೀಖು ಎಂದು ಬರೆದಿತ್ತು, ಮೇಲ್ವಿಚಾರಕಿಗೆ ಪತ್ರ ತೋರಿಸಿ ಬೆಳಗಿನ ಪಾಳಿ ಬಿಡಿಸಿಕೊಂಡೆ. ಮೂರನೆಯ ಪತ್ರಕ್ಕೆ ತೋರಿಸುವುದೇನು? ನಾನೇ ಕೇಳಿ ಬಿಡುವು ಮಾಡಿಕೊಂಡ ಹಾಗಾಗುತ್ತದೆ.” ದಿನ, ಗಂಟೆ ಬರೆದ ಪತ್ರವೆಂದರೆ ನೆನಪೋಲೆ ಮಾತ್ರವಲ್ಲ, ಅದು ಅನುಮತಿ ಪತ್ರವೂ ಹೌದು. ಅದನ್ನು ಮೇಲಧಿಕಾರಿಗೆ ತೋರಿಸಬಹುದು, ಗಂಡನಿಗೆ ತೋರಿಸಬಹುದು, ತನಗೆ ತಾನೇ ತೋರಿಸಿಕೊಳ್ಳಬಹುದು. ತನ್ನ ದೇಹದ ಕೆಲಸವನ್ನು ಮನೆಯ ಎಲ್ಲ ಕೆಲಸಗಳ ಕೊನೆಗೆ ಇಟ್ಟುಕೊಳ್ಳುವುದನ್ನು ಚಿಕ್ಕಂದಿನಿಂದ ರೂಢಿಸಿಕೊಂಡವಳಿಗೆ ಆ ಕಾಗದದ ಬಲ ಎಷ್ಟು ಎಂಬುದು ಪತ್ರದ ನಮೂನೆ ಬದಲಿಸಿದವರ ಲೆಕ್ಕಕ್ಕೆ ಬಂದಿರಲಿಕ್ಕಿಲ್ಲ.

ಪುರಾವೆಯಂತೂ ಇತ್ತು. ನನಗೆ ಬೇಸರವಾಗುವುದು ಅದಕ್ಕೇ. ಕೊರೋನಾ ಬರುವುದಕ್ಕೆ ಮೂರು ವರ್ಷ ಮೊದಲು, 2017ರಲ್ಲಿ, ಇದೇ ಇಂಗ್ಲೆಂಡಿನ ತಪಾಸಣಾ ಕೇಂದ್ರಗಳಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ ಲ್ಯಾನ್ಸೆಟ್ ಆಂಕಾಲಜಿಯಲ್ಲೇ ಪ್ರಕಟವಾಗಿತ್ತು. ಮೊದಲ ಕರೆಗೆ ಬಾರದ 26 ಸಾವಿರ ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಕರೆ ಮಾಡಿ ಸಮಯ ಗೊತ್ತು ಮಾಡಿಕೊಳ್ಳಿ ಎಂಬ ಪತ್ರ ಹೋಯಿತು, ಇನ್ನೊಂದಕ್ಕೆ ಹೊಸ ದಿನ, ಗಂಟೆ ಬರೆದ ಪತ್ರ. ಮೊದಲ ಗುಂಪಿನಲ್ಲಿ ಬಂದವರು ಶೇ 12, ಎರಡನೆಯದರಲ್ಲಿ ಶೇ 22. ಅದೇ ತಪಾಸಣೆ, ಅದೇ ಕೇಂದ್ರಗಳು. ಪತ್ರದ ಒಂದು ಸಾಲು ಬದಲಾದದ್ದಕ್ಕೆ ಬಂದವರ ಸಂಖ್ಯೆ ಇಮ್ಮಡಿಯ ಹತ್ತಿರ ಹೋಯಿತು.

2020–21ರ ಲೆಕ್ಕ ಬಂದಾಗ ಹಾಗೆಯೇ ಇತ್ತು. ಹಿಂದಿನ ವರ್ಷ ಸುಮಾರು 21 ಲಕ್ಷ ಮಹಿಳೆಯರ ತಪಾಸಣೆಯಾಗಿತ್ತು, ಆ ವರ್ಷ ಸುಮಾರು 12 ಲಕ್ಷ. ಇದರಲ್ಲಿ ಹೆಚ್ಚಿನ ಪಾಲು ಮುಚ್ಚಿದ ಬಾಗಿಲಿಗೇ ಸೇರಬೇಕು. ಆದರೆ ಇನ್ನೊಂದು ಅಂಕಿ ಇದೆ: ಪತ್ರ ಬಂದವರಲ್ಲಿ ಎಷ್ಟು ಮಂದಿ ಬಂದರು ಎಂಬುದು. ಅದು ಶೇ 69ರಿಂದ 62ಕ್ಕೆ ಇಳಿಯಿತು. ಶೇ 70 ಆದರೂ ಬರಬೇಕೆಂಬುದು ಅವರೇ ಹಾಕಿಕೊಂಡ ಕನಿಷ್ಠ ಮಿತಿ. ಮರುವರ್ಷ ಲಸಿಕೆ ಬಂದಿತ್ತು, ಅಂಗಡಿ ಮುಂಗಟ್ಟುಗಳು ತೆರೆದಿದ್ದವು, ಆಗಲೂ ಅದು 62ರ ಆಸುಪಾಸಿನಲ್ಲೇ ನಿಂತಿತ್ತು. ಕಳೆದ ಮೂರು ವರ್ಷಗಳಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರ ಪ್ರಮಾಣ 2020ರ ಮಾರ್ಚಿನಲ್ಲಿ ಶೇ 74ರಷ್ಟಿದ್ದದ್ದು ಒಂದೇ ವರ್ಷದಲ್ಲಿ 64ಕ್ಕೆ ಬಂತು.

ಇಷ್ಟನ್ನೂ ಒಂದು ಪತ್ರದ ತಲೆಗೆ ಕಟ್ಟಲಾಗದು. ಆಸ್ಪತ್ರೆಯೆಂದರೆ ಸೋಂಕು ಎಂಬ ಭಯ ಬಹುಕಾಲ ಉಳಿಯಿತು. ಆರೋಗ್ಯ ಸೇವೆಗೆ ಹೊರೆಯಾಗಬಾರದು ಎಂಬ ಸಂಕೋಚವೂ ಇತ್ತು, ಮನೆಯಲ್ಲೇ ಇರಿ, ಆರೋಗ್ಯ ಸೇವೆಯನ್ನು ಉಳಿಸಿ ಎಂದು ಸರ್ಕಾರವೇ ದಿನವೂ ಹೇಳುತ್ತಿದ್ದ ಕಾಲವದು. ಆದರೆ ಭಯವೂ ಸಂಕೋಚವೂ ಇರುವವಳನ್ನು ಒಳಗೆ ಕರೆತರಲು ಇರುವ ಒಂದೇ ಸಾಧನ ಆ ಪತ್ರ. ಸಾಧನವನ್ನು ಬಲಪಡಿಸಬೇಕಾದ ಹೊತ್ತಿನಲ್ಲಿ ಅದನ್ನು ಸಡಿಲಗೊಳಿಸಿದರು.

ಮುಕ್ತ ಆಹ್ವಾನದಿಂದ ನಷ್ಟವಾಗುವುದು ಎಲ್ಲರಿಗೂ ಸಮನಾಗಿ ಅಲ್ಲ. ತಕ್ಷಣ ಫೋನ್ ಎತ್ತಿಕೊಳ್ಳುವವರು ಯಾರು? ಇಂಗ್ಲಿಷ್ ಸಲೀಸಾದವರು, ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರು, ಹಿಂದೆ ನಾಲ್ಕು ಬಾರಿ ಹೋಗಿ ಬಂದು ಅಭ್ಯಾಸವಿರುವವರು. ಹೇಗಿದ್ದರೂ ಬರುತ್ತಿದ್ದವರೇ ಬೇಗ ಬಂದು ಜಾಗ ತುಂಬಿದರು. ದಕ್ಷಿಣ ಏಷ್ಯಾ ಮೂಲದ ಮಹಿಳೆಯರ ಹಾಜರಿ ಇಂಗ್ಲೆಂಡಿನಲ್ಲಿ ಮೊದಲಿನಿಂದಲೂ ಕಡಿಮೆ. ಬಡ ಬಡಾವಣೆಗಳಲ್ಲೂ ಕಡಿಮೆ. ಮೊದಲ ಬಾರಿ ಕರೆ ಬಂದವರಲ್ಲಂತೂ ಇನ್ನೂ ಕಡಿಮೆ. 2023ರಷ್ಟು ಈಚಿನ ಲೆಕ್ಕದಲ್ಲೂ ಮೊದಲ ಕರೆಗೆ ಬಂದವರು ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮಾತ್ರ. ಈ ಮೂರೂ ಪಟ್ಟಿಗಳಲ್ಲಿ ಅತ್ತಿಗೆಯಂಥವರ ಹೆಸರಿರುತ್ತದೆ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ತಪಾಸಣೆ ಎಂದರೆ ಬರೀ ಒಳಿತೇ ಅಲ್ಲ. ಸರ್ ಮೈಕಲ್ ಮಾರ್ಮೊಟ್ ಅಧ್ಯಕ್ಷತೆಯ ತಜ್ಞರ ಸಮಿತಿ 2012ರಲ್ಲಿ ಬ್ರಿಟನ್ನಿನ ತಪಾಸಣೆಯನ್ನು ಪರಿಶೀಲಿಸಿ, ಅದರಿಂದ ವರ್ಷಕ್ಕೆ ಸುಮಾರು 1,300 ಸಾವು ತಪ್ಪುತ್ತಿವೆ ಎಂದಿತು. ಜೊತೆಗೆ, ಒಂದು ಜೀವ ಉಳಿದಾಗ ಸುಮಾರು ಮೂವರು ಮಹಿಳೆಯರು ಎಂದೂ ತೊಂದರೆ ಕೊಡದೆ ಇದ್ದುಬಿಡುತ್ತಿದ್ದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಾರೆ ಎಂದೂ ಹೇಳಿತು. ಹಾಗಾಗಿ ಎಲ್ಲ ತಿಳಿದು ಬೇಡವೆನ್ನುವ ಮಹಿಳೆಯ ನಿರ್ಧಾರವನ್ನು ನಾನು ಗೌರವಿಸುತ್ತೇನೆ. ಕೆಲವರು ಮುಕ್ತ ಆಹ್ವಾನವನ್ನು ಇದೇ ಕಾರಣಕ್ಕೆ ಸಮರ್ಥಿಸುತ್ತಾರೆ, ಆಯ್ಕೆ ಅವಳದೇ ಆಗಲಿ ಎನ್ನುತ್ತಾರೆ. ನನಗದು ಒಪ್ಪಿಗೆಯಿಲ್ಲ. ಬೇಡವೆಂದು ನಿರ್ಧರಿಸುವುದು ಬೇರೆ, ಲೈನ್ ಸಿಗದೆ ಫೋನ್ ಇಡುವುದು ಬೇರೆ. ಎರಡನ್ನೂ ಒಂದೇ ಅಂಕಿಯಲ್ಲಿ “ಬಾರದವರು” ಎಂದು ಸೇರಿಸಿಬಿಟ್ಟರೆ ಆಯ್ಕೆಯ ಹೆಸರಿನಲ್ಲಿ ಅವಳಿಗೆ ಅನ್ಯಾಯವೇ ಆಗುತ್ತದೆ.

ಬೇರೆ ದಾರಿ ಇರಲಿಲ್ಲವೇ? ಗರ್ಭಕಂಠದ ಕ್ಯಾನ್ಸರ್ ವಿಚಾರದಲ್ಲಿ ಇತ್ತು. ಸ್ವೀಡನ್ನಿನ ಸ್ಟಾಕ್‌ಹೋಮ್ ಪ್ರಾಂತ್ಯ ಇದೇ ಸಾಂಕ್ರಾಮಿಕದ ನಡುವೆ, ಮಹಿಳೆಯರು ಚಿಕಿತ್ಸಾಲಯಕ್ಕೆ ಬರಲಾಗದಿದ್ದರೆ ತಪಾಸಣೆಯನ್ನೇ ಅವರ ಮನೆಗೆ ಕಳಿಸೋಣ ಎಂದು ಹೊರಟಿತು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿನ ಪರೀಕ್ಷೆಗೆ ಬೇಕಾದ ಮಾದರಿಯನ್ನು ತಾವೇ ತೆಗೆದುಕೊಳ್ಳುವ ಕಿಟ್ ಅಂಚೆಯಲ್ಲಿ ಬಂತು. ಕಡ್ಡಿಯಲ್ಲಿ ಮಾದರಿ ತೆಗೆದು, ಅದೇ ಲಕೋಟೆಯಲ್ಲಿಟ್ಟು ವಾಪಸು ಹಾಕಿದರಾಯಿತು. ಅಲ್ಲಿ ತಪಾಸಣೆಯ ವ್ಯಾಪ್ತಿ ಇಳಿಯಲಿಲ್ಲ, ಶೇ 75ರಿಂದ 85ಕ್ಕೆ ಏರಿತು. ಮ್ಯಾಮೊಗ್ರಾಮ್ ಯಂತ್ರವನ್ನು ಅಂಚೆಯಲ್ಲಿ ಕಳಿಸಲು ಬರುವುದಿಲ್ಲ, ನಿಜ. ಕಳಿಸಬಹುದಾದದ್ದು ದಿನ ಮತ್ತು ಗಂಟೆ ಮಾತ್ರ.

ಇದನ್ನೆಲ್ಲ ಬರೆಯುವಾಗ ನನ್ನ ಮನಸ್ಸು ಕರ್ನಾಟಕದ ಕಡೆಗೆ ಹೋಗದೆ ಇರಲಿಲ್ಲ. ನಮ್ಮಲ್ಲಿ ಮನೆಗೆ ಪತ್ರ ಬರುವ ಪದ್ಧತಿಯೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡವರು ಶೇ 1.9, ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ 0.9. ಇಷ್ಟು ಕಡಿಮೆ ಇದ್ದಲ್ಲಿ ಕುಸಿತ ಎನ್ನಲು ಎತ್ತರವೇ ಇಲ್ಲ. ಆದರೂ ನಮ್ಮಲ್ಲೂ ಒಂದು ಬಗೆಯ ಪತ್ರವಿದೆ, ಅದಕ್ಕೆ ಕಾಲಿದೆ: ಆಶಾ ಕಾರ್ಯಕರ್ತೆ. ಮೂವತ್ತು ದಾಟಿದವರ ಮನೆಗೆ ಹೋಗಿ ನಮೂನೆ ತುಂಬಿಸಿಕೊಂಡು, ಇಂಥ ದಿನ ಆರೋಗ್ಯ ಕೇಂದ್ರಕ್ಕೆ ಬನ್ನಿ, ನಾನೂ ಇರುತ್ತೇನೆ ಎಂದು ಹೇಳಿ ಕರೆದೊಯ್ಯಬೇಕಾದವರು ಅವರು. 2020ರಲ್ಲಿ ಅವರು ಮನೆಮನೆಗೆ ಹೋದರು, ಆದರೆ ಜ್ವರ ಕೇಳಲು, ಬೇರೆ ಊರಿನಿಂದ ಬಂದವರ ಪಟ್ಟಿ ಮಾಡಲು. ಆ ಜುಲೈನಲ್ಲಿ ರಾಜ್ಯದ 42 ಸಾವಿರ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೇಳಿ ಮುಷ್ಕರಕ್ಕೆ ಇಳಿದರು. ಇಂಗ್ಲೆಂಡಿನಲ್ಲಿ ಪತ್ರದಿಂದ ದಿನಾಂಕ ಹೋಯಿತು, ನಮ್ಮಲ್ಲಿ ಪತ್ರವನ್ನೇ ಬೇರೆ ಕೆಲಸಕ್ಕೆ ಕಳಿಸಿದ್ದೆವು.

ಅತ್ತಿಗೆಯ ತಪಾಸಣೆಯಾದದ್ದು 2021ರ ನವೆಂಬರಿನಲ್ಲಿ, ಮೊದಲು ನಿಗದಿಯಾಗಿದ್ದ ದಿನಕ್ಕಿಂತ ಹತ್ತೊಂಬತ್ತು ತಿಂಗಳು ತಡವಾಗಿ. ಮಗಳು ರಜೆಗೆ ಮನೆಗೆ ಬಂದಿದ್ದಾಗ ಬೆಳಿಗ್ಗೆ ಎಂಟಕ್ಕೆ ಫೋನ್ ಲೈನ್ ತೆರೆಯುತ್ತಲೇ ಕರೆ ಮಾಡಿ, ಸಮಯ ಪಡೆದು, ಅಮ್ಮನ ಕೈಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಮಾಸ್ಕ್ ಹಾಕಿಕೊಂಡು ಒಬ್ಬರೇ ಹೋಗಬೇಕಿತ್ತು. ವ್ಯಾನಿನ ಮೆಟ್ಟಿಲ ಹತ್ತಿರ ಮಳೆಯಲ್ಲಿ ಸ್ವಲ್ಪ ಹೊತ್ತು ನಿಂತರಂತೆ. “ಒತ್ತಿದಾಗ ನೋವಾಯಿತು. ಆದರೆ ಆ ಹುಡುಗಿ ನನ್ನ ಕೈ ಎಷ್ಟು ತಣ್ಣಗಿದೆ ನೋಡಿ, ಕ್ಷಮಿಸಿ ಎಂದಳು, ಅದು ಹಿತವಾಯಿತು” ಎಂದರು. ಎರಡು ವಾರದೊಳಗೆ ಫಲಿತಾಂಶ ಬಂತು, ತೊಂದರೆಯೇನೂ ಇರಲಿಲ್ಲ. ಅವರ ಜೊತೆ ಕೆಲಸ ಮಾಡುವ ಐವತ್ತು ದಾಟಿದ ಇನ್ನಿಬ್ಬರು ಆ ಹೊತ್ತಿಗೂ ಕರೆ ಮಾಡಿರಲಿಲ್ಲ. ಅತ್ತಿಗೆಯೇ ಮರುದಿನ ಬೆಳಿಗ್ಗೆ ಎಂಟಕ್ಕೆ ಅವರಿಬ್ಬರ ಪಕ್ಕದಲ್ಲಿ ನಿಂತು ಮಾಡಿಸಿದರು.

ಹಲವು ಕೇಂದ್ರಗಳು ಈಗ ನಿಗದಿತ ಸಮಯಕ್ಕೆ ಮರಳಿವೆ. 2024ರ ಅಕ್ಟೋಬರಿನಲ್ಲಿ ವಾಟ್ಸ್ಯಾಪಿಗೆ ಅತ್ತಿಗೆಯಿಂದ ಒಂದು ಫೋಟೋ ಬಂತು. ಅದೇ ಫ್ರಿಜ್ಜು, ಅದೇ ಅಯಸ್ಕಾಂತ, ಹೊಸ ಪತ್ರ: ನವೆಂಬರ್ 12, ಮಂಗಳವಾರ, ಬೆಳಿಗ್ಗೆ 9 ಗಂಟೆ 20 ನಿಮಿಷ. ಪಕ್ಕದಲ್ಲಿ ಆರೈಕೆ ಮನೆಯ ಆ ತಿಂಗಳ ಪಾಳಿ ಪಟ್ಟಿ, ಹನ್ನೆರಡನೇ ತಾರೀಖಿನ ಬೆಳಗಿನ ಸಾಲಿನಲ್ಲಿ ಅವರ ಹೆಸರನ್ನು ಮೇಲ್ವಿಚಾರಕಿ ಹಸಿರು ಶಾಯಿಯಲ್ಲಿ ಹೊಡೆದು ಹಾಕಿದ್ದರು.